ಹಳೇ ಬೀದಿಗೆ ಹೊಸ ಅಪಾರ್ಟ್‌ಮೆಂಟ್ ಕೂರಿಸುವುದು: ರೆಂಡರ್ ಕೆಲಸದ ನನ್ನ ಅನುಭವ

ಪಾರಂಪರಿಕ ಬೀದಿಯಲ್ಲಿ ಏಳಲಿರುವ ಐಷಾರಾಮಿ ಅಪಾರ್ಟ್‌ಮೆಂಟನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ, ಬೀದಿಯ ಫೋಟೊದೊಳಗೆ ಕೂರಿಸುವ ಚಿತ್ರಕ್ಕೆ (ಇದೇ ರೆಂಡರ್) ಕೂತಾಗ ನಾನು ಮೊದಲು ಕೈಹಾಕುವುದು ಅಕ್ಕಪಕ್ಕದ ಹಳೇ ಮನೆಗಳಿಗೆ. ಅವುಗಳ ಸೂರು, ಹೊಸ್ತಿಲು, ಕಿಟಕಿ ಅಳತೆಗೆ ಸರಿಯಾಗಿ ಕೂರದಿದ್ದರೆ ಹೊಸ ಕಟ್ಟಡದ ಎತ್ತರವೇ ಸುಳ್ಳಾಗುತ್ತದೆ.

ಫೋಟೊಗೆ ಫುಲ್ ಫ್ರೇಮ್ ಕ್ಯಾಮೆರಾ, ಟ್ರೈಪಾಡ್. ಲೆನ್ಸ್ ನೆಲದಿಂದ 1.6 ಮೀಟರ್. 35 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 54 ಡಿಗ್ರಿ ಹಿಡಿಯುತ್ತದೆ, 24 ಎಂಎಂ 74 ಡಿಗ್ರಿ. ಇಕ್ಕಟ್ಟಿನ ಬೀದಿಯಲ್ಲಿ 24ಕ್ಕೆ ಇಳಿಯಲೇಬೇಕಾಗುತ್ತದೆ. ಅದಕ್ಕೂ ಅಗಲವಾದರೆ ಬೀದಿ ಮೈದಾನದಂತೆ ಹರಡಿಕೊಂಡು, ಹಿಂದಿರುವ ಹೊಸ ಕಟ್ಟಡ ಕುಗ್ಗಿ ಕಾಣುತ್ತದೆ. ನೋಡಲು ಚೆಂದ, ಎದುರು ಮನೆಯವರಿಗೆ ಮಾತ್ರ ಮೋಸ. ಕ್ಯಾಮೆರಾ ಮೇಲಕ್ಕೆ ವಾಲಿಸಬೇಡಿ, ಗೋಡೆಗಳು ಒಳಕ್ಕೆ ಬಾಗುತ್ತವೆ. ಶಿಫ್ಟ್ ಲೆನ್ಸ್ (ಕ್ಯಾಮೆರಾ ವಾಲಿಸದೆ ನೋಟವನ್ನು ಮೇಲಕ್ಕೆ ಸರಿಸುವ ಲೆನ್ಸ್) ಇಲ್ಲದಿದ್ದರೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ತೆಗೆಯಿರಿ. ಕ್ರಾಪ್ ಮಾಡುವುದು ಕೊನೆಗೆ: ಮೊದಲೇ ಕತ್ತರಿಸಿದರೆ ಚಿತ್ರದ ಮಧ್ಯಬಿಂದು ಸರಿದು ಕ್ಯಾಮೆರಾ ಮ್ಯಾಚ್, ಅಂದರೆ ಕಂಪ್ಯೂಟರ್‌ನ ಕ್ಯಾಮೆರಾವನ್ನು ಫೋಟೊ ತೆಗೆದ ಕ್ಯಾಮೆರಾಗೆ ಹೊಂದಿಸುವ ಕೆಲಸ, ಕೆಡುತ್ತದೆ.

ಮ್ಯಾಚ್‌ಗೆ ಸರ್ವೆಯ ಕನಿಷ್ಠ 5 ಬಿಂದುಗಳು ಬೇಕು, ಎಲ್ಲವೂ ಒಂದೇ ಗೋಡೆಯ ಮೇಲಿರಬಾರದು. ಎರಡು ಮೂರು ಪಿಕ್ಸೆಲ್‌ಗಿಂತ ಹೆಚ್ಚು ತಪ್ಪಿದರೆ ಲೆನ್ಸ್ ಡಿಸ್ಟಾರ್ಷನ್ (ಲೆನ್ಸಿನಿಂದ ನೇರ ಗೆರೆಗಳು ಬಾಗುವ ದೋಷ) ತೆಗೆದಿದ್ದೀರಾ ನೋಡಿ. ಸರ್ವೆ ಫೈಲನ್ನು ಹಾಗೇ ತಂದರೆ ಇನ್ನೊಂದು ಕಾಟ. ಮೂಲಬಿಂದುವಿನಿಂದ 5 ಲಕ್ಷ ಮೀಟರ್ ದೂರದಲ್ಲಿ 32 ಬಿಟ್ ಫ್ಲೋಟ್ ಸಂಖ್ಯೆ (ಸಾಫ್ಟ್‌ವೇರ್ ದಶಮಾಂಶ ಅಳತೆಗಳನ್ನು ಇಡುವ ರೀತಿ) 3 ಸೆಂಟಿಮೀಟರ್‌ಗಿಂತ ಸೂಕ್ಷ್ಮವಾಗಿ ಅಳೆಯಲಾರದು; ಕಿಟಕಿ ಚೌಕಟ್ಟುಗಳು ಸೊಟ್ಟಗಾಗುತ್ತವೆ. ಮಾಡೆಲನ್ನು ಸೊನ್ನೆಯ ಹತ್ತಿರಕ್ಕೆ ಸರಿಸಿ, ಸರಿಸಿದ ಅಂತರವನ್ನು ಬರೆದಿಟ್ಟುಕೊಳ್ಳಿ.

ಹೆಚ್ಚಿನ ಚಿತ್ರಗಳು ಸೋಲುವುದು ಗಾಜಿನಲ್ಲಿ. ಎದುರುಸಾಲಿನ ಮನೆಗಳನ್ನು ಮಾಡೆಲ್ ಮಾಡದೆ ಬರೀ ಎಚ್‌ಡಿಆರ್‌ಐ (ಬೆಳಕಿಗಾಗಿ ದೃಶ್ಯದ ಸುತ್ತ ಹೊದಿಸುವ ಆಕಾಶದ ಫೋಟೊ) ಹಾಕಿದರೆ ದೊಡ್ಡ ಕಿಟಕಿಗಳ ತುಂಬ ನೀಲಿ ಆಕಾಶವೇ. ಸಾದಾ ಡಬ್ಬಿಗಳನ್ನು ನಿಲ್ಲಿಸಿ, ಅವುಗಳಿಗೆ ಫೋಟೊ ಪ್ರೊಜೆಕ್ಟ್ ಮಾಡಿದರೂ ಸಾಕು, ಹಳೇ ಹೆಂಚು, ಚಿಮಣಿಗಳ ಪ್ರತಿಬಿಂಬ ಗಾಜಿನಲ್ಲಿ ಮೂಡುತ್ತದೆ. ಪ್ರತಿ ಗಾಜನ್ನೂ 0.2 ಡಿಗ್ರಿಯಷ್ಟು ಬೇರೆಬೇರೆ ಕಡೆಗೆ ವಾಲಿಸುತ್ತೇನೆ. ಆಗ ಪ್ರತಿಬಿಂಬ ಚೌಕಟ್ಟಿನಿಂದ ಚೌಕಟ್ಟಿಗೆ ತುಸು ಮುರಿದು ನಿಜವಾಗುತ್ತದೆ.

ಇಟ್ಟಿಗೆಗೆ ಪಕ್ಕದ ಗೋಡೆಯಲ್ಲಿ ಒಂದು ಮೀಟರ್ ಎತ್ತರಕ್ಕೆ ಎಷ್ಟು ವರಸೆ (ಇಟ್ಟಿಗೆಯ ಅಡ್ಡಸಾಲು) ಎಂದು ಎಣಿಸಿ, ಹೊಸ ಗೋಡೆಯ ವರಸೆಯನ್ನು ಡ್ರಾಯಿಂಗ್‌ನಿಂದ ತೆಗೆದುಕೊಳ್ಳಿ. ಎರಡಕ್ಕೂ ಒಂದೇ ಟೆಕ್ಸ್‌ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಹಾಕಬೇಡಿ. ಬಿಳಿ ಗಾರೆಯ ಪ್ರತಿಫಲನ ಶೇ. 80 ದಾಟಬಾರದು, ದಾಟಿದರೆ ಇಕ್ಕಟ್ಟಿನ ಬೀದಿಯಲ್ಲಿ ಬೆಳಕು ಪುಟಿದು ಪುಟಿದು ನೆರಳೇ ಸಾಯುತ್ತದೆ.

ಎ3 ಅಚ್ಚಿಗೆ 4961×3508 ಪಿಕ್ಸೆಲ್, 16 ಬಿಟ್ ಇಎಕ್ಸ್‌ಆರ್ (ಬೆಳಕು ನೆರಳಿನ ಪೂರ್ಣ ವ್ಯಾಪ್ತಿ ಉಳಿಸುವ ಚಿತ್ರದ ಫೈಲ್). ಮರಗಳು ಫೋಟೊದಲ್ಲಿ ಇದ್ದಲ್ಲೇ ಇರಲಿ. ಹಳೇ ಗೋಡೆ ಹೊಸ ಗೋಡೆ ಸೇರುವ ಸಂದಿಯ ಮುಂದೆ ಮಾತ್ರ ಹೊಸದಾಗಿ ಒಂದನ್ನೂ ನೆಡಬೇಡಿ.