16 ಇಂಚಿನ ವೀಲ್ ಒಳಗೇ 312ರ ಡಿಸ್ಕ್: ಹಳೆಯ ಆಕ್ಟೇವಿಯಾದ ಬ್ರೇಕ್ ಬದಲಿಸಿದ ನನ್ನ ಅನುಭವ

ಹಳೆಯ ಸ್ಕೋಡಾ ಆಕ್ಟೇವಿಯಾ 1.8 ಟರ್ಬೊ ಗಾಡಿಯ ಮುಂದಿನ 288 ಮಿ.ಮೀ. ವ್ಯಾಸದ ಬ್ರೇಕ್ ಡಿಸ್ಕ್ ತೆಗೆದು 312 ಹಾಕಬೇಕಾದರೆ 17 ಇಂಚಿನ ವೀಲ್ ಇಲ್ಲದೆ ಆಗುವುದಿಲ್ಲ ಎಂದು ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜಿನವರು ಹೇಳಿದ್ದರು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರೂ ಅದನ್ನೇ ಹೇಳಿದ್ದರು. ನನ್ನ ಗಾಡಿಯಲ್ಲಿ ಆ ಡಿಸ್ಕ್ ಮೊದಲಿದ್ದ 16 ಇಂಚಿನ ವೀಲ್ ಒಳಗೇ ಕುಳಿತು ಮಳೆಗಾಲ, ಬೇಸಿಗೆ ಎರಡನ್ನೂ ದಾಟಿದೆ, ಕೊಯಮತ್ತೂರಿನ ಕಾರಿ ಎಂಬ ರೇಸ್ ಟ್ರ್ಯಾಕಿನಲ್ಲಿ ಓಡಿದೆ, ಆಗುಂಬೆ ಘಾಟಿ ಇಳಿದಿದೆ. ವೀಲ್‌ಗೆ ಎಲ್ಲಿಯೂ ಒಂದು ಗೀರು ಬಿದ್ದಿಲ್ಲ. ಹೀಗಾಗಿ ಇದನ್ನು ವಿವರವಾಗಿ ಬರೆಯುವ ಹಕ್ಕು ನನಗೆ ಬಂದಿದೆ ಎಂದು ಭಾವಿಸುತ್ತೇನೆ.

20 ವಾಲ್ವ್‌ನ ಈ ಇಂಜಿನ್ ಕಾರ್ಖಾನೆಯಿಂದ 150 ಅಶ್ವಶಕ್ತಿಯೊಂದಿಗೆ ಬಂದದ್ದು. ನನ್ನದು ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಆದ ಮೇಲೆ 190ರ ಆಸುಪಾಸಿನಲ್ಲಿದೆ. ಊರಿನೊಳಗೆ, ಹರಿಹರದವರೆಗೆ, ಚಿತ್ರದುರ್ಗದವರೆಗೆ ಹೋಗಿಬರುವುದಕ್ಕೆ ಮೂಲ ಬ್ರೇಕ್ ಸಾಕಾಗಿತ್ತು. ಆದರೆ ಕಾರಿ ಟ್ರ್ಯಾಕಿನಲ್ಲಿ ಸುತ್ತು ಎಂದರೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಬ್ರೇಕಿಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ. ಅಲ್ಲಿ ಐದಾರು ಸುತ್ತು ಮುಗಿಯುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೂ ಗಾಡಿ ನಿಲ್ಲುತ್ತಿರಲಿಲ್ಲ, ಅಂದರೆ ಡಿಸ್ಕನ್ನು ಹಿಡಿಯುವ ಪ್ಯಾಡ್ ಸೋತಿತ್ತು. ಪ್ಯಾಡ್ ಬದಲಿಸಿ ಹೋದಾಗ ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯಿತು, ಅಂದರೆ ಈ ಸಲ ಬ್ರೇಕ್ ಆಯಿಲ್ ಕುದಿದಿತ್ತು. ಒಂದನ್ನು ಸರಿಮಾಡಿದರೆ ಶಾಖ ಮುಂದಿನ ದುರ್ಬಲ ಜಾಗ ಹುಡುಕಿಕೊಳ್ಳುತ್ತದೆ ಎಂಬುದು ಆಗ ಖಚಿತವಾಯಿತು. ಬೇಕಾಗಿದ್ದದ್ದು ಶಾಖವನ್ನು ಹೊತ್ತುಕೊಳ್ಳಬಲ್ಲ ಹೆಚ್ಚಿನ ಕಬ್ಬಿಣ.

ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್; ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್ ಕಿಟ್ ಒಂದನ್ನು ಸುಮಾರು 70 ಸಾವಿರ ಕೊಟ್ಟು ಮೊದಲು ತರಿಸಿ ನೋಡಿದೆ. ಅದರ ಹೆಸರು ಇಲ್ಲಿ ಬೇಡ. ಅಲ್ಯೂಮಿನಿಯಂ ಬ್ರಾಕೆಟ್ ಹಾಕಿ ವರ್ನಿಯರ್ ಹಿಡಿದರೆ ಕ್ಯಾಲಿಪರ್ ಡಿಸ್ಕಿನ ಮಧ್ಯಕ್ಕೆ ಬರುತ್ತಲೇ ಇರಲಿಲ್ಲ, ಒಳಬದಿಗೂ ಹೊರಬದಿಗೂ ಎರಡು ಮಿಲಿಮೀಟರಿನಷ್ಟು ವ್ಯತ್ಯಾಸವಿತ್ತು. ವೀಲ್ ಕೂರಬೇಕಾದರೆ ಅದರ ಹಿಂದೆ 15 ಮಿ.ಮೀ. ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್ ಬೇಕಿತ್ತು, ಪೆಡಲ್ ಮೊದಲಿಗಿಂತ ಉದ್ದ ಓಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಪಿಸ್ಟನ್ನಿಗೆ ದೂಳು ತಡೆಯುವ ರಬ್ಬರ್ ಬೂಟ್ ಇರಲಿಲ್ಲ. ಟ್ರ್ಯಾಕಿಗೆಂದೇ ಮಾಡಿದ ಕ್ಯಾಲಿಪರಿನಲ್ಲಿ ಅದು ಇಲ್ಲದಿರುವುದು ಸಾಮಾನ್ಯ. ಪ್ರತಿ ಓಟದ ನಂತರ ಬಿಚ್ಚಿ ತೊಳೆಯುವವರಿಗೆ ತೊಂದರೆಯಿಲ್ಲ. ಆದರೆ ಹೆದ್ದಾರಿ 48ರ ಸರ್ವಿಸ್ ರಸ್ತೆಯ ಕೆಂಪು ದೂಳಿನಲ್ಲಿ ದಿನವೂ ಓಡುವ ಗಾಡಿಗೆ ಅದು ಸಲ್ಲದು. ಕೆಲವೇ ತಿಂಗಳಲ್ಲಿ ಬಲಗಡೆಯ ಒಂದು ಪಿಸ್ಟನ್ ಅರ್ಧದಲ್ಲಿ ಹಿಡಿದುಕೊಂಡಿತು. ಕಿಟ್ಟನ್ನು ಅರ್ಧ ಬೆಲೆಗೆ ಮಾರಿದೆ.

ಆಮೇಲೆ ಕೈಹಾಕಿದ್ದು ಆಕ್ಟೇವಿಯಾದ್ದೇ ಫೋಕ್ಸ್‌ವ್ಯಾಗನ್ ಮನೆತನದ ಬಿಡಿಭಾಗಗಳಿಗೆ. ಮೊದಲ ತಲೆಮಾರಿನ ಆಡಿ ಟಿಟಿ ಈ ಆಕ್ಟೇವಿಯಾದ ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತ ಗಾಡಿ. ಅದರ ಮುಂದಿನ ಡಿಸ್ಕ್ 312 ಮಿ.ಮೀ. ವ್ಯಾಸ, 25 ಮಿ.ಮೀ. ದಪ್ಪ, ಬೋಲ್ಟ್ ಅಳತೆ ನಮ್ಮದೇ 5×100, ಅಂದರೆ 100 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟ್. ನಮ್ಮ 288ರ ದಪ್ಪವೂ 25 ಆಗಿರುವುದರಿಂದ 54 ಮಿ.ಮೀ. ಪಿಸ್ಟನ್ನಿನ ಮೂಲ ಕ್ಯಾಲಿಪರ್ ಮತ್ತು ಅದೇ ಆಕಾರದ ಪ್ಯಾಡ್ ಹಾಗೆಯೇ ಉಳಿಯುತ್ತವೆ. ಬದಲಾಗುವುದು ಕ್ಯಾಲಿಪರನ್ನು ಹೊರುವ ಕ್ಯಾರಿಯರ್ ಬ್ರಾಕೆಟ್ ಮತ್ತು ಡಿಸ್ಕ್ ಮಾತ್ರ. ಹೈಡ್ರಾಲಿಕ್ ಕಡೆ ಏನೂ ಬದಲಾಗದ ಕಾರಣ ಪೆಡಲ್ ಓಟ ಮೊದಲಿನಂತೆಯೇ ಇರುತ್ತದೆ. 288ರ ಬದಲು 280ರ ತೆಳು ಡಿಸ್ಕ್ ಇರುವ ಗಾಡಿಯವರು ಕ್ಯಾಲಿಪರನ್ನೂ ಹುಡುಕಬೇಕಾಗುತ್ತದೆ, ಆದ್ದರಿಂದ ಮೊದಲು ವೀಲ್ ಬಿಚ್ಚಿ ಡಿಸ್ಕಿನ ದಪ್ಪ ಅಳೆಯಿರಿ.

ಉಳಿದದ್ದು ವೀಲ್ ಪ್ರಶ್ನೆ. 17 ಇಂಚು ನನಗೆ ಬೇಡವಾಗಿತ್ತು. 205/55 ಆರ್ 16 ಟೈರಿನ ಪಕ್ಕದ ಗೋಡೆ 113 ಮಿ.ಮೀ. ಎತ್ತರ, 225/45 ಆರ್ 17ರದ್ದು 101. ನಮ್ಮ ಹಳ್ಳಿ ರಸ್ತೆಗಳ ಹಂಪಿನಲ್ಲಿ ಆ 12 ಮಿ.ಮೀ. ರಬ್ಬರ್ ರಿಮ್ಮನ್ನು ಉಳಿಸುತ್ತದೆ. ಜೊತೆಗೆ ನಾಲ್ಕು ವೀಲ್, ನಾಲ್ಕು ಟೈರ್ ಎಂದರೆ ಆಗ 85 ಸಾವಿರದ ಮಾತಾಗಿತ್ತು. ಆದ್ದರಿಂದ ಡಿಸ್ಕಿಗೆ ಹಣ ಕಟ್ಟುವ ಮೊದಲೇ 16ರೊಳಗೆ ಅದು ಕೂರುತ್ತದೆಯೋ ಇಲ್ಲವೋ ಎಂಬುದನ್ನು ಅಳತೆಯಿಂದ ಇತ್ಯರ್ಥ ಮಾಡಬೇಕಿತ್ತು.

ದಾರಿ ಸರಳವಾಗಿತ್ತು, ಯಾರೂ ಮಾಡಿರಲಿಲ್ಲ ಅಷ್ಟೆ. ಡಿಸ್ಕಿನ ವ್ಯಾಸ 24 ಮಿ.ಮೀ. ಹೆಚ್ಚಾದರೆ ತ್ರಿಜ್ಯ 12 ಹೆಚ್ಚುತ್ತದೆ, ಅಂದರೆ ಹೊಸ ಕ್ಯಾರಿಯರ್ ಕ್ಯಾಲಿಪರನ್ನು ವೀಲ್ ಕೂರುವ ಹಬ್‌ನಿಂದ 12 ಮಿ.ಮೀ. ಹೊರಕ್ಕೆ ತಳ್ಳುತ್ತದೆ. ಅಡ್ಡಕ್ಕೆ ಅದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಾದರೆ ಈಗಿರುವ ಕ್ಯಾಲಿಪರಿನ ಬೆನ್ನಿಗೆ 12 ಮಿ.ಮೀ. ದಪ್ಪದ ತುಂಡು ಅಂಟಿಸಿ ವೀಲ್ ಹಾಕಿ ತಿರುಗಿಸಿದರೆ 312ನ್ನೇ ಹಾಕಿ ನೋಡಿದಂತೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕೆಲಸ ಕಲಿತ ಹಿರಿಯ ಟರ್ನರ್ ಒಬ್ಬರ ಹತ್ತಿರ ಹೋದೆ. ಅವರ ಅಂಗಡಿಯಲ್ಲಿ ಅದೇ ಕಾರ್ಖಾನೆಯ ಲೇತ್ ಇಂದಿಗೂ ನಿಖರವಾಗಿ ಓಡುತ್ತದೆ. "ತಮ್ಮಾ, ವೀಲಿಗೆ ತಾಗಿದ್ರೆ ಬ್ರೇಕ್ ಹೋಗಂಗಿಲ್ಲ, ವೀಲೇ ಹೋಕ್ಕೈತಿ, ನೋಡ್ಕ್ಯ" ಎಂದರು. "ಯಜಮಾನ್ರೇ, ಅದು ತಾಗುತ್ತೋ ಇಲ್ಲೋ ನೋಡೋಕೇ ಈ ತುಂಡು ಮಾಡಿಸ್ತಿರೋದು" ಎಂದೆ. ಕ್ಯಾಲಿಪರಿನ ಬೆನ್ನಿನ ಬಾಗಿಗೆ ಹೊಂದುವಂತೆ ಅಲ್ಯೂಮಿನಿಯಂ ತುಂಡನ್ನು ಅವರು ಎಷ್ಟು ಚೆನ್ನಾಗಿ ತಿರುವಿಕೊಟ್ಟರೆಂದರೆ ಅಂಟು ಹಚ್ಚುವ ಮೊದಲೇ ಅದು ಜಾರದೆ ಕೂರುತ್ತಿತ್ತು.

ತುಂಡಿನ ಮೇಲೆ ಮಕ್ಕಳು ಆಡುವ ಕ್ಲೇಯನ್ನು ಬೆರಳಿನಿಂದ ಒತ್ತಿ, ಮೇಲೆ ಚೂರು ಎಣ್ಣೆ ಸವರಿ, ವೀಲ್ ಹಾಕಿ ಐದೂ ಬೋಲ್ಟನ್ನು ಪೂರ್ತಿ ಬಿಗಿದು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿದೆ. ಬೋಲ್ಟನ್ನು ಕೈಬಿಗಿಗೆ ಬಿಟ್ಟರೆ ವೀಲ್ ವಾಲಿ ಸುಳ್ಳು ಅಳತೆ ಬರುತ್ತದೆ. ವೀಲ್ ತೆಗೆದ ಮೇಲೆ ಕ್ಲೇಯನ್ನು ಬ್ಲೇಡಿನಿಂದ ಅಡ್ಡ ಸೀಳಿ ಉಳಿದ ದಪ್ಪ ಅಳೆದೆ. ಬೆನ್ನಿನ ನಡುವೆ ಐದು ಮಿಲಿಮೀಟರಿಗಿಂತ ಹೆಚ್ಚಿತ್ತು. ಎಲ್ಲರೂ ಹೆದರಿಸಿದ್ದ ಆ ಜಾಗದಲ್ಲಿ ತೊಂದರೆಯೇ ಇರಲಿಲ್ಲ. ಬಿಗಿಯಾಗಿದ್ದದ್ದು ಕ್ಯಾಲಿಪರಿನ ಹೊರ ಭುಜದ ಮೂಲೆ, ಅಂದರೆ ಸ್ಪೋಕ್ ಬಾಗಿ ರಿಮ್ಮಿಗೆ ಸೇರುವ ಕಡೆ. ಅಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಮೂರು ಮಿಲಿಮೀಟರಿಗಿಂತ ಕಡಿಮೆ ಸಂದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತಿರುವಿನಲ್ಲಿ ವೀಲ್ ಬಾಗುತ್ತದೆ, ಬೇರಿಂಗ್ ಚೂರು ಆಡುತ್ತದೆ, ಬಿಸಿಗೆ ಎಲ್ಲವೂ ಹಿಗ್ಗುತ್ತದೆ, ಸಣ್ಣ ಜಲ್ಲಿಯೂ ಸಿಕ್ಕಿಕೊಳ್ಳಬಹುದು.

ಈ ಅಳತೆಯನ್ನು ಹೊಸ ಪ್ಯಾಡ್ ಹಾಕಿಯೇ ಮಾಡಬೇಕು. ನಮ್ಮದು ಜಾರುವ ಕ್ಯಾಲಿಪರ್. ಹೊರಗಿನ ಪ್ಯಾಡ್ ಸವೆದಂತೆ ಕ್ಯಾಲಿಪರ್ ಒಳಕ್ಕೆ ಸರಿದು ಸ್ಪೋಕಿನಿಂದ ದೂರವಾಗುತ್ತಾ ಹೋಗುತ್ತದೆ. ಸವೆದ ಪ್ಯಾಡಿನಲ್ಲಿ ಅಳೆದು ಸಂದು ಇದೆ ಎಂದು ನಂಬಿದವರಿಗೆ ಹೊಸ ಪ್ಯಾಡ್ ಹಾಕಿದ ದಿನ ಸ್ಪೋಕ್ ಕೆರೆಯುವ ಸದ್ದು ಕೇಳಿಸುತ್ತದೆ. ಇನ್ನೊಂದು ವಿಷಯ ಬ್ಯಾಲೆನ್ಸ್ ಮಾಡುವಾಗ ರಿಮ್ ಒಳಗೆ ಅಂಟಿಸುವ ತೂಕದ ಪಟ್ಟಿಯದು. ಅದರ ದಪ್ಪವೇ ನಾಲ್ಕು ಮಿಲಿಮೀಟರಿನಷ್ಟಿರುತ್ತದೆ. ಟೈರ್ ಅಂಗಡಿಯವರು ಅದನ್ನು ಕ್ಯಾಲಿಪರಿನ ನೇರಕ್ಕೆ ಅಂಟಿಸಿದರೆ ಮೊದಲ ಸುತ್ತಿನಲ್ಲೇ ಕಿತ್ತುಹೋಗುತ್ತದೆ. ನಾನು ರಿಮ್ ಒಳಗೆ ಬಿಳಿ ಮಾರ್ಕರಿನಿಂದ ಗೆರೆ ಎಳೆದು, ಗೆರೆಯಿಂದ ಒಳಗೆ ಮಾತ್ರ ಅಂಟಿಸಿ ಎಂದು ನಿಂತು ಮಾಡಿಸುತ್ತೇನೆ.

ಮೂರಕ್ಕಿಂತ ಕಡಿಮೆ ಬಂದವರು ಐದು ಮಿಲಿಮೀಟರಿನ ಸ್ಪೇಸರ್ ಯೋಚಿಸಬಹುದು, ಆದರೆ ಅದು ಅಡ್ಡಕ್ಕೆ ಜಾಗ ಕೊಡುತ್ತದೆಯೇ ಹೊರತು ಬೆನ್ನಿನ ಕಡೆ ಕೊಡುವುದಿಲ್ಲ. ಅದರ ನಡುಗುಣಿ 57.1 ಮಿ.ಮೀ. ಹಬ್ಬಿಗೆ ಸರಿಯಾಗಿ ಕೂರಬೇಕು, ಬೋಲ್ಟ್ ಅಷ್ಟೇ ಉದ್ದ ಹೆಚ್ಚಿರಬೇಕು, ಮೊದಲು ಎಷ್ಟು ಸುತ್ತು ಥ್ರೆಡ್ ಹಿಡಿಯುತ್ತಿತ್ತೋ ಅಷ್ಟು ಹಿಡಿಯಲೇಬೇಕು. ಕಂಪನಿ ವೀಲಿಗೆ ಗುಂಡು ಸೀಟಿನ ಬೋಲ್ಟೇ ಬೇಕು, ಹೊರಗಿನ ಅಲಾಯ್‌ಗೆ ಬರುವ ಶಂಕುವಿನಾಕಾರದ್ದನ್ನು ಹಾಕಬಾರದು. ಸ್ಪೋಕಿನ ಬೆನ್ನನ್ನು ಗ್ರೈಂಡರಿನಿಂದ ಕೆರೆದು ಜಾಗ ಮಾಡಿಕೊಡುತ್ತೇನೆ ಎಂದು ಬರುವವರನ್ನು ಅಂಗಳದಿಂದಲೇ ಹಿಂದಕ್ಕೆ ಕಳುಹಿಸಿ.

ಟಿಟಿಯ ಕ್ಯಾರಿಯರ್ ಜೋಡಿ ಗುಜರಿಯಿಂದ ಬಂತು, ಒಂಬತ್ತು ಸಾವಿರದ ಸುಮಾರು ಬಿತ್ತು. ಯಾವ ಊರಿನ ಯಾವ ಗುಜರಿ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅಲ್ಲಿ ಉಳಿದಿರುವುದು ಕೆಲವೇ ಜೋಡಿ. ಮೊದಲು ಕಳುಹಿಸಿದ್ದರಲ್ಲಿ ಒಂದರಲ್ಲಿ ಕ್ಯಾಲಿಪರ್ ಜಾರುವ ಗೈಡ್ ಪಿನ್ನಿನ ಥ್ರೆಡ್ ತಿಂದುಹೋಗಿತ್ತು. ಏಳರ ಅಲೆನ್ ಕೀ ಹಾಕಿ ಪಿನ್ ಬಿಗಿಯುವಾಗ ಕೈಗೇ ಗೊತ್ತಾಗುತ್ತದೆ. ಬೇರೆಯದನ್ನು ತರಿಸಿಕೊಳ್ಳಲು ತಿಂಗಳು ಕಾಯಬೇಕಾಯಿತು. ಹೊಸ ಡಿಸ್ಕ್ ಜೋಡಿಗೆ 15 ಸಾವಿರ, ಪ್ಯಾಡಿಗೆ ಒಂಬತ್ತು, ಉಕ್ಕಿನ ಹೆಣಿಗೆಯ ಹೋಸಿಗೆ ಏಳು, ಬ್ರೇಕ್ ಆಯಿಲಿಗೆ ಮೂರು, ಟರ್ನರ್ ಕೂಲಿ ಸಾವಿರ ಚಿಲ್ಲರೆ. ಎಲ್ಲ ಸೇರಿ 45 ಸಾವಿರದ ಒಳಗೆ ಮುಗಿಯಿತು. ಜೋಡಣೆ ನನ್ನದೇ ಕೈ.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾರಿಯರ್ ಬೋಲ್ಟ್ 125 ನ್ಯೂಟನ್ ಮೀಟರ್, ಗೈಡ್ ಪಿನ್ 28, ವೀಲ್ ಬೋಲ್ಟ್ 120. ಡಿಸ್ಕಿನ ಹಿಂದಿನ ತಗಡು 288ರ ಅಳತೆಯದು, ಅಂಚನ್ನು ಹಿಂದಕ್ಕೆ ಬಾಗಿಸಲೇಬೇಕು. ಕತ್ತರಿಸುವವರಿದ್ದಾರೆ, ಆದರೆ ಕೆಸರಿನ ಕಾಲದಲ್ಲಿ ಆ ತಗಡಿನ ಬೆಲೆ ತಿಳಿಯುತ್ತದೆ. ಸಮಯ ತಿಂದದ್ದು ಡಿಸ್ಕಿನ ಓಲಾಟ, ಅಂದರೆ ತಿರುಗುವಾಗ ಅದು ಅತ್ತಿತ್ತ ವಾಲುವುದು. ಹಬ್ಬಿನ ಮುಖವನ್ನು ತುಕ್ಕು ಹೋಗುವವರೆಗೆ ಉಜ್ಜಿ ಡಯಲ್ ಗೇಜ್ ಹಿಡಿದಾಗಲೂ ಎಡಗಡೆ 0.08 ಮಿಲಿಮೀಟರಿನಷ್ಟು ತೋರಿಸುತ್ತಿತ್ತು. ಡಿಸ್ಕ್ ಹಿಡಿಯುವ ಸಣ್ಣ ಸ್ಕ್ರೂ ಬಿಟ್ಟು, ಡಿಸ್ಕನ್ನು ಒಂದೊಂದೇ ಬೋಲ್ಟ್ ಗುಣಿ ತಿರುಗಿಸಿ ಐದೂ ಸ್ಥಾನದಲ್ಲಿ ಬಿಗಿದು ಅಳೆದಾಗ ಒಂದು ಸ್ಥಾನದಲ್ಲಿ 0.03ಕ್ಕೆ ಇಳಿಯಿತು. ಅದೇ ಜಾಗಕ್ಕೆ ಗುರುತು ಹಾಕಿದೆ. ಸ್ಟಿಯರಿಂಗ್ ನಡುಕ ಬರುತ್ತಿದೆ ಎಂದು ಡಿಸ್ಕನ್ನೇ ಎಸೆಯುವವರು ಇದನ್ನೊಮ್ಮೆ ಮಾಡಿ ನೋಡಲಿ.

ಪ್ಯಾಡ್ ಹದಕ್ಕೆ ತರಲು ಬೆಳಗಿನ ಜಾವ ಮನೆಗಳಿಲ್ಲದ ಹೊಸ ಬಡಾವಣೆಯೊಂದರ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 20ರವರೆಗೆ ಹತ್ತಾರು ಬಾರಿ ಬ್ರೇಕ್ ಒತ್ತಿದೆ, ಎಲ್ಲಿಯೂ ಪೂರ್ತಿ ನಿಲ್ಲಿಸಲಿಲ್ಲ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಟ್ಟು ನಿಂತರೆ ಅಚ್ಚು ಬೀಳುತ್ತದೆ. ಪ್ಯಾಡ್ ಕೀರಲು ಸದ್ದು ಮಾಡದಂತೆ ಹಿಂಬದಿ ತಗಡಿಗೆ ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಫಲಿತಾಂಶವನ್ನು ಇನ್‌ಫ್ರಾರೆಡ್ ಗನ್ನಿನಲ್ಲಿ ಅಳೆದಿದ್ದೇನೆ. ಹೊಳೆಯುವ ಲೋಹದ ಮೇಲೆ ಗನ್ ಕಡಿಮೆ ತೋರಿಸುವುದರಿಂದ ಹಳೆಯ ಮತ್ತು ಹೊಸ ಎರಡೂ ಡಿಸ್ಕಿನ ಹೊರ ಅಂಚಿಗೆ ಸೈಲೆನ್ಸರಿಗೆ ಹಚ್ಚುವ ಕಪ್ಪು ಪೇಂಟ್ ಬಳಿದು ಅಲ್ಲಿಯೇ ಹಿಡಿದೆ. ಕಾರಿ ಟ್ರ್ಯಾಕಿನಲ್ಲಿ ಪಿಟ್ಟಿಗೆ ಬಂದ ಕೂಡಲೇ 288ರಲ್ಲಿ 420 ಡಿಗ್ರಿಯ ಸುತ್ತ ಬರುತ್ತಿದ್ದದ್ದು 312ರಲ್ಲಿ 340ರ ಸುತ್ತ ಬಂತು. ಒಂದೊಂದು ಡಿಸ್ಕ್ ಕಿಲೊ ಆಸುಪಾಸು ಹೆಚ್ಚು ತೂಗುತ್ತದೆ, ಶಾಖ ಹಂಚಿಹೋಗುತ್ತದೆ. ಅದೇ ಒತ್ತಡಕ್ಕೆ ಹಿಡಿತವೂ ಶೇ. 10ರಷ್ಟು ಹೆಚ್ಚು. ಆಯಿಲ್ ವಿಷಯದಲ್ಲಿ, ಡಾಟ್ 4 ದರ್ಜೆ ಎಂದರೆ ಕುದಿಯುವ ಬಿಂದು ಹೊಸದಕ್ಕೆ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155, ಡಾಟ್ 5.1ಕ್ಕೆ 260 ಮತ್ತು 180. ಟ್ರ್ಯಾಕಿಗೆ ಹೋಗುವ ಮುನ್ನ ಪ್ರತಿ ಬಾರಿ ಹೊಸದು ತುಂಬುತ್ತೇನೆ. ಈ ಒಂದು ಖರ್ಚಿನಲ್ಲಿ ಜಿಪುಣತನ ಬೇಡ.

ನಡುವೆ ಫಾಗ್ ಲ್ಯಾಂಪ್ ಜಾಗದಿಂದ ರಬ್ಬರ್ ಪೈಪ್ ಎಳೆದು ಡಿಸ್ಕಿನ ನಡುವಿಗೆ ಗಾಳಿ ಬಿಟ್ಟು ನೋಡಿದೆ. ಟ್ರ್ಯಾಕಿನಲ್ಲಿ ಇನ್ನೂ 30 ಡಿಗ್ರಿ ಇಳಿಯಿತು. ಆದರೆ ಊರಿಗೆ ಬಂದ ಮೇಲೆ ಮೊದಲ ಮಳೆಗೇ ಪೈಪ್ ತುಂಬ ಕೆಸರು ಕಟ್ಟಿತು, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜುತ್ತಿತ್ತು. ಈಗ ಕೊಯಮತ್ತೂರಿಗೆ ಹೊರಡುವಾಗ ಮಾತ್ರ ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತೇನೆ.

17 ಇಂಚು ಬೇಕೇ ಬೇಕು ಎಂದಿದ್ದ ಗ್ಯಾರೇಜಿನವರೇ ಕಳೆದ ತಿಂಗಳು ಇನ್ನೊಂದು ಆಕ್ಟೇವಿಯಾ ತಂದು ನಿಲ್ಲಿಸಿ ಆ ಅಲ್ಯೂಮಿನಿಯಂ ತುಂಡು ಕೇಳಿದರು, ಕೊಟ್ಟೆ. ಆ ಗಾಡಿಯ ವೀಲ್ ಬೇರೆ ವಿನ್ಯಾಸದ್ದು. ಅದೂ 16 ಇಂಚೇ, ಆದರೆ ಭುಜದ ಮೂಲೆಯಲ್ಲಿ ಕ್ಲೇ ಪೂರ್ತಿ ಕಿತ್ತುಬಂತು. ಅವರು ಈಗ ವೀಲ್ ಹುಡುಕುತ್ತಿದ್ದಾರೆ, ಡಿಸ್ಕಿಗೆ ಇನ್ನೂ ಒಂದು ರೂಪಾಯಿ ಕಟ್ಟಿಲ್ಲ. ನನ್ನ ಮುಂದಿನ ಕೆಲಸ ಹಿಂಬದಿ ಚಕ್ರದ 232ರ ತೆಳು ಡಿಸ್ಕನ್ನು 256ರ ಗಾಳಿಯಾಡುವ ಡಿಸ್ಕಿಗೆ ಬದಲಿಸುವುದು, ಅದಕ್ಕೂ ಅದೇ ಲೆಕ್ಕದ ತುಂಡನ್ನು ಯಜಮಾನರ ಲೇತಿನಲ್ಲಿ ಮಾಡಲು ಕೊಟ್ಟಿದ್ದೇನೆ.