ಪೆನ್ಸಿಲ್ ಕಡ್ಡಿಗೆ ತಾಮ್ರ ಹಿಡಿಸಿ ನೈಟ್ರೇಟ್ ಅಳೆದದ್ದು

ಪಿಎಚ್‌ಡಿ ಎರಡನೇ ವರ್ಷದಲ್ಲಿ ನಾನು ಕೈಗೆತ್ತಿಕೊಂಡ ಕೆಲಸ ಇದು: ಬೋರ್‌ವೆಲ್ ನೀರಿನ ನೈಟ್ರೇಟನ್ನು ತಾಮ್ರದ ನ್ಯಾನೋ ಕಣಗಳಿಂದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ, ಅಳೆಯುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ತೊಂದರೆ ಹಳೆಯದು. ಹೊಲಕ್ಕೆ ಹಾಕಿದ ಯೂರಿಯಾ, ತಿಪ್ಪೆಯ ರಸ, ಕಕ್ಕಸು ಗುಂಡಿಯ ನೀರು ಎಲ್ಲ ಇಂಗಿ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಮೊದಲ ಅಪಾಯ ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟುತ್ತದೆ.

ತಾಮ್ರವೇ ಯಾಕೆ? ಪೆನ್ಸಿಲ್ ಕಡ್ಡಿಯಲ್ಲಿರುವ ಬರೀ ಗ್ರ್ಯಾಫೈಟ್ ಮೇಲೆ ನೈಟ್ರೇಟ್ ಸುಮ್ನೆ ಇರುತ್ತದೆ, ಎಲೆಕ್ಟ್ರಾನ್ ತೆಗೆದುಕೊಳ್ಳುವುದೇ ಇಲ್ಲ. ತಾಮ್ರದ ಮೇಲೆ ಸಲೀಸಾಗಿ ತೆಗೆದುಕೊಳ್ಳುತ್ತದೆ. ಆಗ ಹರಿಯುವ ಕರೆಂಟೇ ನಮ್ಮ ಅಳತೆ.

ಎಲೆಕ್ಟ್ರೋಡ್‌ಗೆ, ಅಂದರೆ ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹಾಯಿಸುವ ಕಡ್ಡಿಗೆ, ಸ್ಟೇಷನರಿ ಅಂಗಡಿಯ 0.7 ಮಿಲಿಮೀಟರ್ ಪೆನ್ಸಿಲ್ ಕಡ್ಡಿ ತಂದೆ. 10 ಮಿಲಿಮೋಲಾರ್‌ನ ತೆಳು ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದಲ್ಲಿ ಒಂದು ಸೆಂಟಿಮೀಟರ್ ಮುಳುಗಿಸಿ, -0.4 ವೋಲ್ಟ್ ಕೊಟ್ಟು 60 ಸೆಕೆಂಡ್ ಬಿಟ್ಟೆ. ಕಪ್ಪು ಕಡ್ಡಿ ಕಣ್ಣೆದುರೇ ಹುಣಸೆಹಣ್ಣಿನಲ್ಲಿ ತಿಕ್ಕಿದ ಚೊಂಬಿನ ಬಣ್ಣಕ್ಕೆ ತಿರುಗಿತು. ಎಷ್ಟು ಸಲ ಮಾಡಿದ್ದೇನೋ, ಆ ಒಂದು ನಿಮಿಷ ನನಗೆ ಈಗಲೂ ಇಷ್ಟ. ಜಾಸ್ತಿ ಹೊತ್ತು ಬಿಟ್ಟರೆ ಒಳ್ಳೆಯದು ಅಂದುಕೊಂಡು 5 ನಿಮಿಷ ಬಿಟ್ಟೂ ನೋಡಿದೆ. ಪದರ ದಪ್ಪವಾಗಿ, ನೀರಿಗೆ ಹಿಡಿದ ಕೂಡಲೇ ಪುಡಿಪುಡಿಯಾಗಿ ಉದುರಿತು.

ಒಂದು ಸೋಮವಾರ ಹತ್ತು ಕಡ್ಡಿ ಒಟ್ಟಿಗೆ ಮಾಡಿಟ್ಟು ವಾರವಿಡೀ ಬಳಸಿದೆ. ಬುಧವಾರದ ಹೊತ್ತಿಗೆ ಬಣ್ಣ ಕಂದಿತ್ತು, ಕರೆಂಟ್ ಇಳಿದಿತ್ತು. ಕಣ ಸಣ್ಣದಾದಷ್ಟೂ ಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ. ಅಂದಿನಿಂದ ಅವತ್ತಿನ ಕಡ್ಡಿ ಅವತ್ತೇ ಮಾಡುತ್ತೇನೆ.

ಮೊದಲು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅಳೆಯುತ್ತಿದ್ದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿತ್ತು. ಬೋರ್‌ವೆಲ್ ನೀರು ಹಾಕಿದೆನೋ ಇಲ್ಲವೋ, ಮಜ್ಜಿಗೆ ನೀರಿನ ಹಾಗೆ ಮಬ್ಬಾಯಿತು. ಗಡಸು ನೀರಲ್ವಾ, ಮೆಗ್ನೀಸಿಯಂ ಗಟ್ಟಿಯಾಗಿ ತೇಲಿತು. ಆಮೇಲೆ ಪಿಎಚ್ 2ರ, ಅಂದರೆ ಚೆನ್ನಾಗಿ ಹುಳಿಯಾದ, ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬದಲಾಯಿಸಿದೆ. ನೀರನ್ನು ಅದರಲ್ಲಿ ಹತ್ತು ಪಟ್ಟು ತೆಳು ಮಾಡಿ, ಕರಗಿದ ಆಮ್ಲಜನಕ ಹೋಗಲೆಂದು ಹತ್ತು ನಿಮಿಷ ನೈಟ್ರೋಜನ್ ಹಾಯಿಸುತ್ತೇನೆ. ಇದನ್ನು ಬಿಟ್ಟರೆ ಆಮ್ಲಜನಕದ ಕರೆಂಟೂ ನೈಟ್ರೇಟ್ ಲೆಕ್ಕಕ್ಕೇ ಸೇರುತ್ತದೆ.

ನಿಜವಾಗಿ ಹೆದರಿಸಿದ್ದು ಕ್ಲೋರೈಡ್. ಚಿಕ್ಕಬಳ್ಳಾಪುರದ ಕಡೆಯ ಒಂದು ಹಳ್ಳಿಯ ನೀರು ನನ್ನ ಮಾಪನ ರೇಖೆಯ (ಗೊತ್ತಿರುವಷ್ಟು ನೈಟ್ರೇಟಿಗೆ ಎಷ್ಟು ಕರೆಂಟ್ ಎಂದು ಶುದ್ಧ ನೀರಿನಲ್ಲಿ ಅಳೆದು ಎಳೆದ ಗೆರೆ) ಪ್ರಕಾರ 45ರ ಒಳಗಿತ್ತು. ಕುಡಿಯಬಹುದು ಎಂದು ಬರೆದುಕೊಂಡೂ ಬಿಟ್ಟಿದ್ದೆ. ಆದರೆ ವೋಲ್ಟೇಜಿಗೆ ತಕ್ಕಂತೆ ಕರೆಂಟ್ ತೋರಿಸುವ ಗ್ರಾಫಿನಲ್ಲಿ ನೈಟ್ರೇಟಿನ ಉಬ್ಬು ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅದೇ ನೀರಿಗೆ ಗೊತ್ತಿರುವಷ್ಟು ಪೊಟ್ಯಾಸಿಯಂ ನೈಟ್ರೇಟ್ ಸೇರಿಸಿದೆ. ಏರಬೇಕಾದಷ್ಟು ಕರೆಂಟ್ ಏರಲಿಲ್ಲ. ಆ ನೀರು ಉಪ್ಪುಪ್ಪು. ಕ್ಲೋರೈಡ್ ತಾಮ್ರದ ಮೇಲೆ ಮೊದಲೇ ಜಾಗ ಹಿಡಿದು ನೈಟ್ರೇಟನ್ನು ಹೊರಗೆ ನಿಲ್ಲಿಸಿತ್ತು. ಶುದ್ಧ ನೀರಿನಲ್ಲಿ ಎಳೆದ ರೇಖೆ ಅದಕ್ಕೆ ಹೊಂದುವುದಾದರೂ ಹೇಗೆ? ಅದೇ ನೀರಿಗೆ ಮೂರು ಸಲ ನೈಟ್ರೇಟ್ ಸೇರಿಸಿ, ಪ್ರತಿ ಸಲ ಅಳೆದು, ಹಿಂದಕ್ಕೆ ಲೆಕ್ಕ ಹಾಕಿದಾಗ ಬಂದದ್ದು 45ಕ್ಕಿಂತ ಮೇಲೆ. ನೀರಿಗೆ 220 ನ್ಯಾನೋಮೀಟರಿನ ಅತಿನೇರಳೆ ಬೆಳಕು ಹಾಯಿಸಿ ನೈಟ್ರೇಟ್ ಅಳೆಯುವ ಯುವಿ ಪರೀಕ್ಷೆಯೂ ಅದನ್ನೇ ಹೇಳಿತು. ಈಗ ಪ್ರತಿ ಬೋರ್‌ವೆಲ್ ನೀರನ್ನೂ ಹೀಗೇ ಅಳೆಯುತ್ತೇನೆ. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಿಡಿಯಲಿ.

ಆ ಹಳ್ಳಿಗೆ ವಾಪಸ್ ಹೋಗಿ ಹೇಳಿದಾಗ, ಮಡಿಲಲ್ಲಿ ಕೂಸಿದ್ದ ತಾಯಿಯೊಬ್ಬರು ಕೇಳಿದರು: "ಕಾಯ್ಸಿ ಆರಿಸಿ ಕೊಟ್ರೆ ಆಯ್ತಲ್ವಾ?" ಆಗಲ್ಲ ಅಕ್ಕ, ನೀರು ಆವಿಯಾಗಿ ಹೋಗುತ್ತೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿಯುತ್ತೆ ಎಂದೆ. ಮಗುವಿನ ಹಾಲಿಗೆ ಮಾತ್ರ ಊರಿನ ಆರ್‌ಒ ಘಟಕದ ನೀರೇ ಬಳಸಿ ಎಂದು ಹೇಳಿ, ಆ ಘಟಕದ ನೀರನ್ನೂ ಒಂದು ಬಾಟಲಿ ತುಂಬಿಸಿಕೊಂಡು ಲ್ಯಾಬಿಗೆ ಬಂದೆ.