ಸೋಲಾರ್ ಏರ್ ಹೀಟರ್‌ನಿಂದ ಜಾಸ್ತಿ ಶಾಖ ಪಡೆಯುವುದು ಹೇಗೆ?

ಸೋಲಾರ್ ಏರ್ ಹೀಟರ್ ಅಂದರೆ ಗಾಜು ಮುಚ್ಚಿದ ಪೆಟ್ಟಿಗೆ. ಒಳಗಿನ ಕಪ್ಪು ತಗಡು ಬಿಸಿಲಿಗೆ ಕಾದು, ಫ್ಯಾನ್ ಹರಿಸುವ ಗಾಳಿಯನ್ನು ಬಿಸಿ ಮಾಡುತ್ತದೆ. ಹೀಟರ್‌ನಿಂದ ಬರುವ ಗಾಳಿ ಕೈ ಸುಡುವಷ್ಟು ಬಿಸಿಯಿದ್ದರೆ ಎಲ್ಲ ಸರಿಯಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಒಂದು ಲೆಕ್ಕ ನೋಡಿ. 1 ಚದರ ಮೀಟರ್ ಹೀಟರ್ ಮೇಲೆ 1000 ವ್ಯಾಟ್ ಬಿಸಿಲು ಬೀಳುತ್ತಿದೆ, ಸೆಕೆಂಡಿಗೆ 10 ಗ್ರಾಂ ಗಾಳಿ ಹರಿದು 40 ಡಿಗ್ರಿ ಏರಿದೆ ಅಂದುಕೊಳ್ಳಿ. ಸಿಕ್ಕಿದ್ದು ಸುಮಾರು 400 ವ್ಯಾಟ್. ಅದೇ 20 ಗ್ರಾಂ ಹರಿದು 25 ಡಿಗ್ರಿ ಮಾತ್ರ ಏರಿದ್ದರೆ 500 ವ್ಯಾಟ್! ಒಳಗಿನ ತಗಡು ಕಾದಷ್ಟೂ ಗಾಜಿನ ಮೂಲಕ ಶಾಖ ಹೊರಗೆ ಸೋರುತ್ತದೆ, ಹಾಗಾಗಿ ತಗಡನ್ನು ಆದಷ್ಟು ತಂಪಾಗಿಡುವುದೇ ನಮ್ಮ ಕೆಲಸ.

ಮೊದಲು ಫ್ಯಾನ್ ವೇಗ ಹೆಚ್ಚಿಸಿ ನೋಡಿ. ಆದರೆ ಒಣಗಿಸುವ ಕೆಲಸಕ್ಕೆ ಇಂತಿಷ್ಟು ಬಿಸಿ ಬೇಕೇ ಬೇಕು ಅಂತಿದ್ದರೆ ವೇಗಕ್ಕೂ ಮಿತಿ ಇದೆ, ಅಲ್ವಾ? ಆಗ ತಗಡಿಗೇ ಕೈ ಹಾಕಬೇಕು. ತಗಡಿಗೆ ಅಂಟಿಕೊಂಡಿರುವ ಗಾಳಿಯ ತೆಳು ಪದರ ಕಂಬಳಿ ಹೊದಿಸಿದಂತೆ ಶಾಖವನ್ನು ತಡೆಯುತ್ತದೆ. ಅದನ್ನು ಒಡೆಯಲು ಗಾಳಿ ಹರಿಯುವ ಬದಿಯಲ್ಲಿ, ಹರಿವಿಗೆ ಅಡ್ಡವಾಗಿ 1-2 ಮಿಲಿಮೀಟರ್ ದಪ್ಪದ ತಂತಿಗಳನ್ನು ಅಂಟಿಸಿ. ಎರಡು ತಂತಿಗಳ ನಡುವೆ ತಂತಿ ದಪ್ಪದ ಸುಮಾರು 10 ಪಟ್ಟು ಜಾಗ ಬಿಡಿ. ತಂತಿ ಹಾರಿದ ಗಾಳಿ ಮತ್ತೆ ತಗಡಿಗೆ ಬಂದು ತಾಗಲು ಅಷ್ಟು ಜಾಗ ಬೇಕು. ತೀರಾ ಒತ್ತೊತ್ತಾಗಿ ಅಂಟಿಸಿದರೆ ಫ್ಯಾನ್‌ಗೆ ಸುಮ್ನೆ ಭಾರ, ಲಾಭವಿಲ್ಲ.

ಗಾಳಿಯನ್ನು ಗಾಜಿನ ಕೆಳಗೆ ನೇರವಾಗಿ ಹರಿಸುವ ಬದಲು ತಗಡಿನ ಕೆಳಗೆ ಹರಿಸುವುದು ಒಳ್ಳೆಯದು. ಗಾಜು-ತಗಡಿನ ನಡುವೆ 2-3 ಸೆಂಟಿಮೀಟರ್ ನಿಂತ ಗಾಳಿ ಇದ್ದರೆ ಅದೇ ಒಂದು ತಡೆ. ಇನ್ನೂ ಚೆನ್ನಾಗಿ ಬೇಕಾ? ತಣ್ಣನೆ ಗಾಳಿಯನ್ನು ಮೊದಲು ತಗಡಿನ ಮೇಲೆ ಹರಿಸಿ, ತುದಿಯಲ್ಲಿ ತಿರುಗಿಸಿ ಕೆಳಗಿನಿಂದ ತನ್ನಿ. ಗಾಜಿನತ್ತ ಹೊರಟ ಶಾಖವನ್ನು ಒಳಬರುವ ಗಾಳಿಯೇ ಹಿಡಿದುಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಸಂದುಗಳನ್ನು ಮರೆಯಬೇಡಿ. ಫ್ಯಾನ್ ಗಾಳಿಯನ್ನು ಎಳೆಯುವಂತಿದ್ದರೆ ಸಂದಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ, ತಳ್ಳುವಂತಿದ್ದರೆ ಬಿಸಿ ಗಾಳಿ ಹೊರಹೋಗುತ್ತದೆ. ಅಂಚಿನ ಹತ್ತಿರ ಸ್ವಲ್ಪ ಹೊಗೆ ಹಿಡಿದರೆ ಎಲ್ಲಿ ಅಂತ ಗೊತ್ತಾಗುತ್ತದೆ, ಅಲ್ಲಿ ಶಾಖ ತಾಳುವ ಸಿಲಿಕೋನ್ ಅಂಟು ಹಚ್ಚಿ. ತಳಕ್ಕೆ ಶಾಖ ಸೋರದಂತೆ 5 ಸೆಂಟಿಮೀಟರ್ ಗ್ಲಾಸ್‌ವೂಲ್ (ಗಾಜಿನ ನಾರಿನ ಹಾಸು) ಇರಲಿ. ಥರ್ಮೋಕೋಲ್ ಬೇಡ, ಫ್ಯಾನ್ ನಿಂತ ದಿನ ತಗಡು 100 ಡಿಗ್ರಿ ದಾಟಬಹುದು, ಆಗ ಥರ್ಮೋಕೋಲ್ ಕರಗಿ ಕುಗ್ಗುತ್ತದೆ. ಗಾಜಿನ ಧೂಳು ಒರೆಸಿ.

ಪ್ರತಿ ಬದಲಾವಣೆಗೂ ಮುಂಚೆ ಮತ್ತು ನಂತರ, ಮಧ್ಯಾಹ್ನ ಒಂದೇ ಹೊತ್ತಿಗೆ, ಮೋಡವಿಲ್ಲದ ದಿನ ಒಳಬರುವ, ಹೊರಹೋಗುವ ಗಾಳಿಯ ಬಿಸಿಯನ್ನೂ ಹರಿವನ್ನೂ ಅಳೆದು ಬರೆದಿಡಿ. ಥರ್ಮಾಮೀಟರ್ ಮೇಲೆ ನೇರ ಬಿಸಿಲು ಬೀಳದಿರಲಿ.